ನೂರಕ್ಕೂ ಇನ್ನೂರಕ್ಕೂ ನಡುವೆ

ಗುಬ್ಬಿ ಬಸ್‌ಸ್ಟ್ಯಾಂಡ್ ಪಕ್ಕ ವಿಭೂತಿ, ಊದಿನಕಡ್ಡಿ ಮಾರುವ ಸದಾಶಿವಯ್ಯನಿಗೆ ಹುಟ್ಟಿನಿಂದ ಕಣ್ಣಿಲ್ಲ. ಆದರೂ ಗಲ್ಲಾ ಅವನದೇ. ನೋಟನ್ನು ಬೆರಳಿಗೆ ಸುತ್ತಿ, ತುದಿ ಎಲ್ಲಿಗೆ ಬಂತೆಂದು ತಡವಿ, ಇಷ್ಟರದ್ದೆಂದು ಹೇಳಿಬಿಡುತ್ತಿದ್ದ. ಐನೂರು ಉದ್ದ, ನೂರು ಅದಕ್ಕಿಂತ ಗಿಡ್ಡ, ಐವತ್ತು ಇನ್ನೂ ಗಿಡ್ಡ. ಅವನ ಪಾಲಿಗೆ ನೋಟೆಂದರೆ ಅಷ್ಟೇ. ಹೆಂಡತಿ ಸರ್ವಮಂಗಳ ಒಳಗೆ ಪೊಟ್ಟಣ ಕಟ್ಟುತ್ತಿದ್ದಳು. ಗಲ್ಲಾ ಬಿಟ್ಟುಕೊಟ್ಟರೆ ತಾನು ಅಂಗಡಿಯಲ್ಲಿ ಕೂರಿಸಿದ ಬೊಂಬೆ ಅಷ್ಟೇ ಎಂಬ ಹೆದರಿಕೆ ಅವನಿಗೆ.

ಆಮೇಲೆ ಬಂದವು ನೋಡಿ ಹೊಸ ನೋಟುಗಳು. ನೂರು ನೇರಳೆಯಾಯಿತಂತೆ, ಹಿಂದೆ ಗುಜರಾತಿನ ಮೆಟ್ಟಿಲುಬಾವಿಯಂತೆ; ಇನ್ನೂರೆಂಬ ಹೊಸದೊಂದು ಹುಟ್ಟಿ, ಅದರ ಬೆನ್ನಿಗೆ ಸಾಂಚಿಯ ಸ್ತೂಪವಂತೆ. ಊರೆಲ್ಲ ಬಣ್ಣ ಹೊಗಳಿತು. ಬಣ್ಣ ಕಟ್ಟಿಕೊಂಡು ಈ ಮನುಷ್ಯ ಏನು ಮಾಡಬೇಕು? ಎಲ್ಲ ನೋಟೂ ಗಿಡ್ಡವಾದವು. ನೂರಕ್ಕೂ ಇನ್ನೂರಕ್ಕೂ ಉಳಿದ ವ್ಯತ್ಯಾಸ ಒಂದು ಅಕ್ಕಿಕಾಳಿನಷ್ಟೂ ಇಲ್ಲ. ಕುರುಡರಿಗೆಂದು ಅಂಚಿನಲ್ಲಿ ಉಬ್ಬುಗೆರೆ ಇಟ್ಟಿದ್ದಾರೆ, ಸುಳ್ಳಲ್ಲ. ಸಂತೆಯಲ್ಲಿ ಹತ್ತು ಕೈ ದಾಟಿ, ಬೆವರಿನ ಜೇಬಿನಲ್ಲಿ ಮುದುಡಿ ಬಂದ ನೋಟಿನಲ್ಲಿ ಅದನ್ನು ಇಟ್ಟವರೇ ಬಂದು ಹುಡುಕಲಿ. ಸಂಜೆ ಹೊತ್ತಿಗೆ ಸದಾಶಿವಯ್ಯನ ತಲೆ ಧಿಮ್ಮೆನ್ನುತ್ತಿತ್ತು.

ಒಂದು ಸೋಮವಾರ ಬೆಳ್ಳಾವಿಯ ಹನುಮಮ್ಮ ಎಂಬ ಮುದುಕಿ ಕರ್ಪೂರ ಕೊಂಡು ನೋಟು ಕೊಟ್ಟಳು. ಅವನು ಬೆರಳಿಗೆ ಸುತ್ತಿದ, ನೂರಕ್ಕೆ ಚಿಲ್ಲರೆ ಕೊಟ್ಟ.

"ನಾನು ಕೊಟ್ಟಿದ್ದು ಇನ್ನೂರು ಕಣಪ್ಪ."

"ನೂರು ಕಣಮ್ಮ. ಕುರುಡ ಅಂತ ಆಟ ಆಡ್ಬೇಡ," ಎಂದ. ಬಸ್ಸಿಗೆ ಕಾದಿದ್ದವರೆಲ್ಲ ತಿರುಗಿ ನೋಡಿದರು. "ನಿನ್ನಂಥ ಕಳ್ಳೀರು ಬೇಕಾದಷ್ಟು ಜನ ಬಂದು ಹೋಗವ್ರೆ."

ಸರ್ವಮಂಗಳ ಎದ್ದು ಬಂದು ಅವನ ಕೈಯಿಂದ ನೋಟು ತೆಗೆದುಕೊಂಡಳು. "ಇನ್ನೂರೇ ಕಣ್ರೀ. ತುದಿ ಹರಿದಿತ್ತೇನೋ, ಯಾರೋ ನೀಟಾಗಿ ಕತ್ತರಿಸವ್ರೆ."

ಸದಾಶಿವಯ್ಯ ಕೈಮುಗಿದ. "ತಪ್ಪಾಯ್ತು ತಾಯಿ."

ಮುದುಕಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಅವನ ತಲೆ ಸವರಿ, "ಬುಡಪ್ಪ, ಪಾಪ, ನಿಂಗೇನು ಕಾಣ್ತದಾ," ಎಂದು ಉಳಿದ ನೂರು ತಗೊಂಡು ಬಸ್ಸು ಹತ್ತಿದಳು.

ಬಸ್ಸು ಹೊರಟ ಸದ್ದು ಕೇಳಿ ಅವನು ಗಲ್ಲಾದ ಮುಚ್ಚಳ ಹಾಕಿದ. ಆಮೇಲೆ, "ಮಂಗಳಾ, ನೀನೇ ಇಲ್ಲಿ ಕೂತ್ಕೊ," ಎಂದ.

"ಒಂದ್ಸಲ ತಪ್ಪಾದ್ರೆ ಏನಾಯ್ತು ಬಿಡಿ."

"ತಪ್ಪಾಗಿದ್ದಕ್ಕಲ್ಲ ಕಣೇ. ಆಯಮ್ಮನ್ನ ಕಳ್ಳಿ ಅಂದ್ಬಿಟ್ಟೆ. ನಾಳೆ ಇನ್ಯಾರಿಗೆ ಅಂತೀನೋ. ನಂಗೂ ಸಾಕಾಗೈತೆ."

ಅವನು ಪಕ್ಕದ ಸ್ಟೂಲಿಗೆ ಸರಿದ. ಅವಳು ಕೂತಳು, ಇಬ್ಬರಿಗೂ ಅದು ಬೇಕಿರಲಿಲ್ಲ. ಗಿರಾಕಿಯೊಬ್ಬ ಬಂದು ವಿಭೂತಿ ಕೇಳಿದ. ಸದಾಶಿವಯ್ಯ ಅಭ್ಯಾಸದಂತೆ ಕೈ ಚಾಚಿದ. ಗಿರಾಕಿ ಅದನ್ನು ದಾಟಿ ನೋಟನ್ನು ಸರ್ವಮಂಗಳಳಿಗೆ ಕೊಟ್ಟ.