ಸೋರದ ಟ್ಯಾಂಕು

ಸಂಗಣ್ಣನವರೇ, ನಿಮ್ಮ ಪೆಟ್ರೋಲ್ ಬಂಕಿನ ಟ್ಯಾಂಕು ಸೋರಿರಲಿಲ್ಲ. ಸೋರಿದೆ ಎಂದು ಸುಳ್ಳು ವರದಿ ಬರೆದವನು ನಾನು. ಕಣ್ತಪ್ಪಿ ಬರೆದದ್ದಲ್ಲ—ತಿಳಿದೂ ತಿಳಿದೂ ಬರೆದೆ, ಖುಷಿಯಿಂದಲೇ ಬರೆದೆ. ನಿಮ್ಮ ಬಂಕಿಗೆ ಬೀಗ ಬಿದ್ದ ದಿನ ಇಳಕಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಿರ್ಚಿ ಭಜಿ ತಿಂದೆ. ಅಷ್ಟು ರುಚಿಯಾದ ಭಜಿಯನ್ನು ಆಮೇಲೆ ತಿಂದಿಲ್ಲ.

ಟ್ಯಾಂಕು ಪರೀಕ್ಷೆಗೆ ಬಂದಾಗ ನೀವು ನನ್ನ ಗುರುತು ಹಿಡಿಯಲಿಲ್ಲ. ಹಿಡಿಯುವುದಾದರೂ ಹೇಗೆ—ನಾನು ಬಂದದ್ದು ಸರ್ಕಾರಿ ಜೀಪಿನಲ್ಲಿ. ನನ್ನಪ್ಪ ನಿಮ್ಮಲ್ಲಿ ಲಾರಿಗಳಿಗೆ ಡೀಸೆಲ್ ಹಾಕುತ್ತಿದ್ದವನು. ನಾನಿನ್ನೂ ಬಾಗಲಕೋಟೆಯಲ್ಲಿ ಓದುತ್ತಿದ್ದ ಕಾಲದಲ್ಲಿ, ಡೀಸೆಲ್ ಕಡಿಮೆ ಬಂತೆಂದು ನೀವು ಅವನನ್ನು ಡ್ರೈವರುಗಳ ಎದುರು ನಿಲ್ಲಿಸಿದಿರಿ. ರಜೆಗೆ ಬಂದಿದ್ದ ನಾನೂ ಅಲ್ಲೇ ಇದ್ದೆ. ನಾವು ಬೀರಪ್ಪನ ಒಕ್ಕಲು. ದೇವರ ಅರಿಸಿನಪುಡಿ—ಭಂಡಾರ—ಹಿಡಿದು ಆಡಿದ ಮಾತಿಗೆ ನಮ್ಮಲ್ಲಿ ಎರಡಿಲ್ಲ. ಅದು ಗೊತ್ತಿದ್ದೇ ನೀವು ಕೇಳಿದಿರಿ:

"ಭಂಡಾರ ಹಿಡದು ಹೇಳಲೇ, ಕದ್ದಿಲ್ಲಂತ."

ಅಪ್ಪ ಸೊಂಟದ ಚೀಲದಿಂದ ಭಂಡಾರ ತೆಗೆದು ಅಂಗೈಯಲ್ಲಿ ಹಿಡಿದ. "ಬೀರಪ್ಪನ ಆಣಿ ಐತ್ರಿ ಧಣ್ಯಾರ, ನಾ ಕದ್ದಿಲ್ಲ."

ನೀವು ಬಗ್ಗಿ ಅವನ ಅಂಗೈ ಮೂಸಿದಿರಿ. "ನಿನ್ನ ಭಂಡಾರನೂ ಡೀಸೆಲ್ ನಾರತೈತಿ. ನಡಿ."

ಎಲ್ಲರೂ ನಕ್ಕರು. ಅವರ ಮುಖಗಳು ಮರೆತುಹೋಗಿವೆ, ನಿಮ್ಮದು ಮರೆತಿಲ್ಲ.

ಕೆಲವು ವರ್ಷಗಳ ಮೇಲೆ ನನಗೆ ಮಣ್ಣು, ನೀರು ಪರೀಕ್ಷೆ ಮಾಡುವ ಕೆಲಸ ಸಿಕ್ಕಿತು. ಇಳಕಲ್ಲಿನಿಂದ ದೂರು ಬಂತು—ನೇಕಾರರ ಓಣಿಯ ಬಾವಿಯ ನೀರು ಡೀಸೆಲ್ ನಾರುತ್ತಿದೆ. ದೂರು ಕೊಟ್ಟವರು ನೀಲವ್ವ. ಸೀರೆಯ ಸೆರಗಿನ ರೇಷ್ಮೆಗೆ ಬಣ್ಣ ಹಾಕಿ ಬದುಕುವ ಹೆಂಗಸು. ಬಾವಿಯ ಸಮೀಪ ನೆಲದಡಿ ಟ್ಯಾಂಕು ಇರುವುದು ನಿಮ್ಮ ಬಂಕಿನಲ್ಲಿ ಎಂದು ಕೇಳಿದಾಗ ಒಳಗೊಳಗೇ ಹಿಗ್ಗಿದೆ. ಟ್ಯಾಂಕು ಸೋರಿದ್ದರೆ ಅಂದು ಕಡಿಮೆ ಬಂದ ಡೀಸೆಲ್ ಮಣ್ಣಿಗೆ ಹೋಗಿದೆ. ಹಾಗಿದ್ದರೆ ಅಪ್ಪನ ಆಣೆ ಸತ್ಯ, ನೀವು ಸುಳ್ಳು. ನಾನು ಬಾವಿಯ ಸಲುವಾಗಿ ಬರಲಿಲ್ಲ, ಸಂಗಣ್ಣನವರೇ. ಇದರ ಸಲುವಾಗಿ ಬಂದೆ.

ಆದರೆ ಟ್ಯಾಂಕು ಗಟ್ಟಿಯಾಗಿತ್ತು. ಮಾರಾಟ ನಿಲ್ಲಿಸಿ, ಅಳತೆಗೋಲು ಇಳಿಸಿ ನೋಡಿದೆ. ಮರುದಿನ ಮತ್ತೆ ಇಳಿಸಿದೆ. ಡೀಸೆಲ್ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಟ್ಯಾಂಕಿನ ಬದಿಗೆ ಆಳವಾಗಿ ಕೊರೆದರೆ ಮಣ್ಣಿಗೆ ಮಣ್ಣಿನದೇ ವಾಸನೆ. ಸಾಲದ್ದಕ್ಕೆ ನಿಮ್ಮ ಬಂಕು ಇಳಿಜಾರಿನ ಕೆಳಗೆ, ಬಾವಿ ಮೇಲೆ. ಬಾವಿಗಿಂತಲೂ ಮೇಲೆ ಒಂದು ಗ್ರಾನೈಟ್ ಕಾರ್ಖಾನೆ. ಲಾರಿಗಳಿಗೆಂದು ಅವರೂ ಹಳೆಯ ಟ್ಯಾಂಕೊಂದನ್ನು ಹೂತಿದ್ದರು. ಅದಕ್ಕೂ ಬಾವಿಗೂ ನಡುವೆ ಕೊರೆದಾಗ ಬಂದ ಗರಸು ಮಣ್ಣನ್ನು ಮೂಗಿನ ಹತ್ತಿರ ಒಯ್ಯಲೇ ಬೇಕಾಗಲಿಲ್ಲ, ಅಷ್ಟು ಡೀಸೆಲ್ ನಾತ.

ಆ ಕುಳಿಯನ್ನು ಕಾಲಿನಿಂದ ಮುಚ್ಚಿದೆ. ಆಮೇಲೆ ನಿಮ್ಮ ಬಂಕಿಗೆ ಬಂದು, ಟ್ಯಾಂಕರಿನಿಂದ ಇಳಿಸುವಾಗ ಪೈಪಿನ ಬಾಯಿಂದ ಡೀಸೆಲ್ ತೊಟ್ಟಿಕ್ಕುತ್ತದಲ್ಲ—ಯಾವ ಬಂಕಿನಲ್ಲಾದರೂ ತೊಟ್ಟಿಕ್ಕುತ್ತದೆ—ಆ ಜಾಗದ ಮೇಲ್ಮಣ್ಣನ್ನು ಕೆರೆದು ಚೀಲಕ್ಕೆ ತುಂಬಿ, ಮೇಲೆ 'ಟ್ಯಾಂಕಿನ ತಳದ ಮಣ್ಣು' ಎಂದು ಬರೆದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ—ಬರೆ ಎಳೆಯುವವನಿಗೆ ಎಮ್ಮೆಯ ಮೇಲೆ ಹಳೆಯ ಸಿಟ್ಟಿದ್ದರೆ ಕೇಳುವುದೇ ಬೇಡ. ಕಚೇರಿಯ ಸಾಹೇಬರು ನನ್ನನ್ನು ನಂಬಿ ವರದಿಗೆ ಸಹಿ ಹಾಕಿದರು, ನಿಮ್ಮ ಬಂಕಿಗೆ ಬೀಗ ಬಿತ್ತು.

"ಇನ್ ಚಿಂತಿ ಬ್ಯಾಡ್ರಿ ನೀಲವ್ವಾರ. ಮೂಲಾನ ಬಂದ್ ಆತು. ವಾಸನಿ ತಾನ ಹೋಗತೈತಿ, ನೀರು ಬಳಸ್ರಿ" ಎಂದು ಓಣಿಗೆ ಹೋಗಿ ಹೇಳಿದವನೂ ನಾನೇ. ಆಕೆ ನನ್ನ ಹೆಂಡತಿಗೆಂದು ಕುಬಸದ ಖಣ, ಕೊಬ್ಬರಿ ಕೊಟ್ಟು ಕಳಿಸಿದರು. ತೆಗೆದುಕೊಂಡೆ.

ಆ ಸಂಜೆ ಊರಿಗೆ ಹೋಗಿ ಅಪ್ಪನೆದುರು ಕೂತು ಎಲ್ಲ ಹೇಳಿದೆ—ಸುಳ್ಳಿನ ಭಾಗವೊಂದನ್ನು ಬಿಟ್ಟು. ಸಂಗಣ್ಣನ ಟ್ಯಾಂಕು ಸೋರುತ್ತಿತ್ತು, ನಿನ್ನ ಆಣೆ ಸತ್ಯವೆಂದು ಸರ್ಕಾರವೇ ಬರೆದುಕೊಟ್ಟಿದೆ ಎಂದೆ. ಅವನು ಹಿಗ್ಗುತ್ತಾನೆ ಎಂದುಕೊಂಡಿದ್ದೆ. ಅವನು ಕಂಬಳಿಯ ಅಂಚು ಸವರಿದ.

"ಟಾಕಿ ಸೋರಿರಲಿಲ್ಲೋ ತಮ್ಮಾ. ನಾನ ಒಯ್ದಿದ್ನಿ. ನಿನ್ನ ಓದು ಆದದ್ದು ಅದರಾಗ."

ದೇವರ ಮುಂದೆಯೂ ಅವನು ಸುಳ್ಳಾಡಿದ್ದ—ನನ್ನ ಸಲುವಾಗಿ. ಅದನ್ನು ಖರೆ ಮಾಡಲು ಹೋಗಿ ನಾನು... ಬೆಳಗಾದರೆ ಸಾಹೇಬರ ಬಳಿ ಹೋಗಿ ಒಪ್ಪಿಕೊಳ್ಳಬಹುದಿತ್ತು. ನೌಕರಿಯ ಭಯವಿತ್ತು, ಸುಳ್ಳೇಕೆ. ಆದರೆ ಅದಕ್ಕಿಂತ ದೊಡ್ಡ ಕಾರಣ ಬೇರೆ: ನೀವು ಗೆಲ್ಲುವುದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ. ಅಪ್ಪ ಕದ್ದದ್ದು ನಿಜವಾದರೂ ನೀವು ಅವನ ಅಂಗೈ ಮೂಸಿದ್ದು ಸುಳ್ಳಾಗುತ್ತದೆಯೇ? ಹೀಗೆ ನನಗೆ ನಾನೇ ವಕೀಲನಾಗಿ ವರ್ಷಗಳನ್ನು ಕಳೆದೆ.

ಮೇಲಿನ ಕಾರ್ಖಾನೆಯ ಟ್ಯಾಂಕು ಸೋರುತ್ತಲೇ ಇತ್ತು. ಬೇಸಿಗೆಯಲ್ಲಿ ವಾಸನೆ ಇಳಿಯಿತು, ಮಳೆಗಾಲದಲ್ಲಿ ಮತ್ತೆ ಏರಿತು. ಹಳೆಯ ಕೊಳೆ, ಹೋಗುತ್ತದೆ ಎಂದು ನೀಲವ್ವ ನನ್ನ ಮಾತನ್ನೇ ಓಣಿಗೆಲ್ಲ ಹೇಳುತ್ತ ಅದೇ ನೀರು ಸೇದಿದರು. ಅಂಗೈ ಬಿರಿದು ರಕ್ತ ಬರತೊಡಗಿತು. ಒಣಗಿದ ರೇಷ್ಮೆಯಲ್ಲೂ ವಾಸನೆ ನಿಂತಿತು. ನೇಕಾರರು ಆಕೆಗೆ ನೂಲು ಕೊಡುವುದನ್ನು ಬಿಟ್ಟರು. ಕೊನೆಗೆ ಗುಳೇದಗುಡ್ಡದ ತಂಗಿಯ ಮನೆ ಸೇರಿದರು.

ಅಪ್ಪ ತೀರಿಕೊಂಡ ಮೇಲೆ, ಮೊನ್ನೆ, ಅಲ್ಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಆಕೆ ಖಣದ ಮಗ್ಗಕ್ಕೆ ನೂಲು ಸುತ್ತುತ್ತಿದ್ದರು. ಕೈ ನಿಲ್ಲಿಸಲಿಲ್ಲ. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನಿಮ್ಮ ನಿಮ್ಮ ಜಗಳದಾಗ ನಾ ಎಲ್ಲಿ ಬಂದಿದ್ನೆಪಾ?" ಎಂದಷ್ಟೇ ಕೇಳಿದರು.

ಕೈ ಮುಗಿದು ಎದ್ದು ಬಂದೆ.

ಸರಿಯಾದ ವರದಿ ಬರೆದು ಕಚೇರಿಗೆ ಕೊಟ್ಟು ಬಂದಿದ್ದೇನೆ. ಕಾರ್ಖಾನೆಯ ಟ್ಯಾಂಕಿನ ಜಾಗವನ್ನೂ ತೋರಿಸಿದ್ದೇನೆ. ನೌಕರಿ ಹೋಗುತ್ತದೆ, ಹೋಗಲಿ. ಸಂಗಣ್ಣನವರೇ, ನಿಮ್ಮ ಕ್ಷಮೆ ಕೇಳುತ್ತಿಲ್ಲ. ನಾನು ನಿಮ್ಮನ್ನು ಕ್ಷಮಿಸಿಲ್ಲ, ಕ್ಷಮಿಸುತ್ತೇನೆಂದು ಅನ್ನಿಸುವುದೂ ಇಲ್ಲ. ಆದರೆ ಅಪ್ಪ ಕದ್ದ ಸುದ್ದಿ ಆ ವರದಿಯಲ್ಲಿಲ್ಲ. ಅದನ್ನು ನಿಮಗೆ ಮಾತ್ರ ಬರೆದಿದ್ದೇನೆ. ನೀವು ಅದನ್ನು ಇಳಕಲ್ಲಿನಿಂದ ಹುನಗುಂದದವರೆಗೆ ಸಾರಿಕೊಂಡು ಬನ್ನಿ—ಯಾರು ಬಂದು ಕೇಳಿದರೂ ನಾನು ಹೌದೆನ್ನುತ್ತೇನೆ.