ನಿಂಗವ್ವನ ಒರಳು

ಮೊನ್ನೆ ಬಟವಾಡಿಯ ಬಾಡಿಗೆ ಮನೆಯಲ್ಲಿ ಬೀರು ಒಪ್ಪ ಮಾಡಲು ಕೂತಿದ್ದೆ. ವರ್ಷಕ್ಕೊಮ್ಮೆ ಬರುವ ನನ್ನ ಈ ಉತ್ಸಾಹ ಕಾಫಿ ಆರುವಷ್ಟು ಹೊತ್ತೂ ಉಳಿಯುವುದಿಲ್ಲ. ಅಷ್ಟರಲ್ಲಿ ಹಳೇ ಸೀರೆಯೊಂದರ ಮಡಿಕೆಯಿಂದ ಅರಿಶಿನ ಹತ್ತಿದ ಅಕ್ಕಿಕಾಳು ಉದುರಿದವು. ಕೆಲಸ ಅಲ್ಲಿಗೇ ನಿಂತಿತು.

ಅದು ದೊಡ್ಡಮ್ಮನ ತವರಿನ ಅಕ್ಕಿ. ತವರೆಂದರೆ ನೀವು ಮನೆ, ಜಗುಲಿ, ಬಾಗಿಲಿಗೆ ಬರುವ ಜನ ಅಂದುಕೊಳ್ಳಬೇಡಿ. ನಿಟ್ಟೂರಿನ ಆಚೆ, ರೈಲು ಹಳಿ ದಾಟಿದರೆ ಸಿಗುವ ಆ ಊರಿಗೆ ಪಹಣಿಯಲ್ಲಿ ಹೆಸರಿದೆ, ನೆಲದ ಮೇಲೆ ಒಂದು ಮನೆಯೂ ಇಲ್ಲ. ಇಂಥ ಊರನ್ನು ಬೇಚರಾಕ್ ಅನ್ನುತ್ತಾರೆ. ಬಾವಿ ಬತ್ತಿದ ಮೇಲೆ ಜನ ಒಬ್ಬೊಬ್ಬರೇ ರಸ್ತೆ ಕಡೆಗೆ ಸರಿದರಂತೆ. ಬಾಗಿಲು, ತೊಲೆ, ಹೆಂಚು ಎಲ್ಲ ಗಾಡಿ ಹತ್ತಿದವು. ನೆಲದಲ್ಲಿ ಹೂತಿದ್ದ ಒರಳುಕಲ್ಲುಗಳನ್ನು ಮಾತ್ರ ಯಾರೂ ಕೀಳಲಿಲ್ಲ.

ಅಣ್ಣತಮ್ಮಂದಿರಿಲ್ಲದ ದೊಡ್ಡಮ್ಮ ಗೌರಿಹಬ್ಬ ಕಳೆದ ಮೇಲೆ ಗುಬ್ಬಿಯಿಂದ ನನ್ನನ್ನೂ ಎಳೆದುಕೊಂಡು ಅಲ್ಲಿಗೆ ಹೋಗುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ನನಗೂ ತವರು ಅಂತ ಇದ್ದವಳು ಅವಳೊಬ್ಬಳೇ. ಮುಳ್ಳು ಸರಿಸಿ ತಾಯಿಮನೆಯ ಒರಳನ್ನು ಹುಡುಕಿ, ತೊಳೆದು, ಕುಂಕುಮ ಇಟ್ಟು, ತಾನೇ ತಂದ ಅಕ್ಕಿಯನ್ನು ಅದರೊಳಗೆ ಸುರಿಯುತ್ತಿದ್ದಳು. ಆಮೇಲೆ ಅಲ್ಲಿಂದ ಸೆರಗಿಗೆ ತುಂಬಿಕೊಳ್ಳುತ್ತಿದ್ದಳು. ಅದೇ ಅವಳ ಮಡಿಲಕ್ಕಿ. ನನಗೋ ಇದೆಲ್ಲ ತಮಾಷೆ; ಬಸ್ಸು ತಪ್ಪೀತೆಂಬ ಚಿಂತೆಯೇ ಹೆಚ್ಚು.

ಒಂದು ವರ್ಷ ಮಡಿಲು ತುಂಬಿಕೊಂಡು ಏಳುವಾಗ ಅವಳ ಕೈ ಒರಳಿನ ಅಂಚು ಸವರಿತು. ಮುಖ ಇಳಿದುಹೋಯಿತು.

"ಅಯ್ಯೋ, ನಮ್ದು ಅಂಚು ಒಡೆದಿತ್ತು ಕಣೇ. ಇದು ಪಕ್ಕದ್ಮನೆ ನಿಂಗವ್ವಂದು! ನಮ್ಮವ್ವ ಸಾಯೋಗಂಟ ಅವಳ ಜೊತೆ ಮಾತಾಡ್ಲಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. "ವಾಪಸ್ ಸುರಿದುಬುಡು ದೊಡ್ಡಮ್ಮ, ನಮ್ದನ್ನ ಹುಡುಕಾಣ."

ಅವಳು ನಗಲಿಲ್ಲ. ಸುತ್ತಲಿನ ಬಯಲನ್ನು ಒಮ್ಮೆ ನೋಡಿದಳು. ಯಾರಿದ್ದರು ಅಲ್ಲಿ?

"ಮಡಿಲಿಗೆ ಬಿದ್ದಿದ್ದನ್ನ ವಾಪಸ್ ಹಾಕ್ತಾರೇನೇ? ಯಾರೂ ಇಲ್ದಿರೋ ಊರಲ್ಲಿ ನಿಂಗವ್ವಾನಾದ್ರೂ ಕೊಟ್ಟಳಲ್ಲ, ಬುಡು," ಎಂದು ಅರ್ಧ ಅಕ್ಕಿಯನ್ನು ನನ್ನ ಸೆರಗಿಗೂ ಹಾಕಿದಳು.

ಅದೇ ಕೊನೆ. ಮರುವರ್ಷದ ಹಬ್ಬಕ್ಕೆ ಅವಳಿರಲಿಲ್ಲ. ಈಗ ಅಲ್ಲಿ ಯಾರೋ ಜೆಸಿಬಿ ತಂದು ತೆಂಗಿನ ಸಸಿ ನೆಡಿಸಿದ್ದಾರೆ, ಒರಳುಗಳೆಲ್ಲ ಬದುವಿನ ಮೇಲೆ ಗುಡ್ಡೆಯಾಗಿವೆ. ಯಾವುದು ಯಾರದೆಂದು ಹೇಳುವವರಿಲ್ಲ.

ಉದುರಿದ ಕಾಳುಗಳನ್ನು ಆರಿಸಿ ಸೆರಗಿಗೆ ಗಂಟು ಹಾಕಿಕೊಂಡೆ. ಕೆಳಗಿನ ಮನೆಯವರಿಗೂ ನನಗೂ ನೀರಿನ ಮೋಟಾರಿನ ವಿಷಯಕ್ಕೆ ಮಾತು ನಿಂತು ಬಹಳ ಕಾಲವಾಗಿತ್ತು. ಜಗಳದಲ್ಲಿ ನಾನೇನೂ ಹಿಂದೆ ಬಿದ್ದವಳಲ್ಲ. ಮೆಟ್ಟಿಲಿಳಿದು ಬಾಗಿಲು ತಟ್ಟಿದೆ. ತೆರೆದ ಆಕೆ ಹುಬ್ಬು ಗಂಟಿಕ್ಕಿ, "ಏನು, ಮತ್ತೆ ನೀರು ಬರ್ತಿಲ್ವಾ?" ಎಂದರು.

"ಅದಕ್ಕಲ್ಲ ಕಣ್ರೀ. ಹಬ್ಬ ಬಂತಲ್ಲ... ನಂಗೆ ಮಡಿಲಕ್ಕಿ ಕಟ್ಟೋರು ಯಾರೂ ಇಲ್ಲ."

ಆಕೆ ನನ್ನನ್ನು ಒಂದು ಗಳಿಗೆ ನೋಡಿದರು. ಬಾಗಿಲು ತೆರೆದೇ ಬಿಟ್ಟು ಒಳಗೆ ಹೋದರು. ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು.