ತೊಳೆದಿಟ್ಟ ಜಿಗಿತಗಳು

ರಸ್ತೆಯಲ್ಲಿ ಅಂಗೈಯಗಲ ನೀರು ನಿಂತಿದ್ದರೂ ನಾನು ಅದನ್ನು ದಾಟುವುದಿಲ್ಲ, ಸುತ್ತಿಕೊಂಡು ಹೋಗುತ್ತೇನೆ. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಮುಂದೆ ಮಳೆಗಾಲದಲ್ಲಿ ನಾನು ಹಾಕಿದ ಸುತ್ತುಗಳನ್ನೆಲ್ಲ ಜೋಡಿಸಿದರೆ ಸವದತ್ತಿ ಮುಟ್ಟಬಹುದು. ಕಸುಬೂ ಸ್ವಭಾವಕ್ಕೆ ಒಪ್ಪುವಂಥದ್ದೇ ಸಿಕ್ಕಿದೆ. ನಾನು ವಿಮೆ ಮಾಡಿಸುವವಳು. ಸಂಪಗಾಂವ, ಕಿತ್ತೂರು, ಎಂ.ಕೆ. ಹುಬ್ಬಳ್ಳಿ ಎಂದು ತಿರುಗುತ್ತ, ನೆಮ್ಮದಿಯಾಗಿ ಕೂತವರಿಗೆ "ನಾಳೆ ಏನರ ಆದ್ರ ಹೆಂಗ್ರಿ?" ಎಂದು ಕೇಳಿ, ನನ್ನ ಚಿಂತೆಯಲ್ಲಿ ಅವರಿಗೂ ಒಂದು ಪಾಲು ಕೊಟ್ಟು ಬರುತ್ತೇನೆ. ಇಂಥ ನಾನು ಐವತ್ತರ ಅಂಚಿನಲ್ಲಿ, ಟಿವಿಯ ಮುಂದೆ ಕೂತು, ಕಟ್ಟೆಯಿಂದ ಕಟ್ಟೆಗೆ ಜಿಗಿಯುವ ವಿಡಿಯೋ ಗೇಮ್ ಆಡುತ್ತೇನೆ. ಆಡುವುದಷ್ಟೇ ಅಲ್ಲ, ಕೂಡಿಡುತ್ತೇನೆ. ಬೇರೆಯವರ ಮನೆಯ ಗಾಜಿನ ಕಪಾಟಿನಲ್ಲಿ ಬೆಳ್ಳಿ ಸಾಮಾನು ಇದ್ದರೆ, ನಮ್ಮ ಪಡಸಾಲೆಯ ಕಪಾಟಿನಲ್ಲಿ ಗೇಮಿನ ಕ್ಯಾಸೆಟ್ಟುಗಳಿವೆ.

ಸಮುದ್ರ ಹಾರಿದವನಿಗೆ ಊರೂರಲ್ಲಿ ಗುಡಿ ಕಟ್ಟಿದ ಜನ ನಾವು. ಟಿವಿಯೊಳಗಿನ ಹೊಂಡ ಹಾರಿದವಳನ್ನು ಕಂಡರೆ ಮಾತ್ರ ನಗು ಬರುತ್ತದೆ.

ಕೂಡಿಡಲು ಯೋಗ್ಯವಾದ ಆಟಗಳು ಯಾವುವು ಎಂಬ ಬಗ್ಗೆ ಬಲ್ಲವರು ಇಂಟರ್ನೆಟ್ಟಿನಲ್ಲಿ ದಾಯಾದಿಗಳ ಹಾಗೆ ಜಗಳವಾಡುತ್ತಾರೆ. ಡಬ್ಬಿ ಬಿಚ್ಚಿರದಿದ್ದರೆ ಅದು ಶ್ರೇಷ್ಠವಂತೆ. ಹೋಳಿಗೆಯ ಬುಟ್ಟಿಯನ್ನು ಬಿಚ್ಚದೆ ಕೈಮುಗಿಯುವವರು ಅವರು, ಇರಲಿ. ನನ್ನ ಅಳತೆಗೋಲು ಬೇರೆ. ಬಿದ್ದಾಗ "ಇದು ನನ್ನದೇ ತಪ್ಪು, ಇನ್ನೊಮ್ಮೆ" ಎಂದು ಮನಸ್ಸು ಹೇಳಬೇಕು. ಹಾಗೆ ಹೇಳಿಸುವ ಆಟ ದೊಡ್ಡದು. ಹಳಬರಲ್ಲಿ, ಅಣಬೆ ತಿಂದು ಬೆಳೆಯುವ ಮೀಸೆಯ ಕುಳ್ಳ ಇದರಲ್ಲಿ ಗುರು. ಓಡುವ ನೀಲಿ ಮುಳ್ಳುಹಂದಿಯೂ ನನ್ನಲ್ಲಿದೆ. ಅದರ ವೇಗ ನನ್ನ ರಕ್ತದೊತ್ತಡಕ್ಕೆ ಒಗ್ಗದು, ಗೌರವಕ್ಕೆ ಇಟ್ಟಿದ್ದೇನೆ. ರಾಮದುರ್ಗದ ಗುಜರಿ ಅಂಗಡಿಯಲ್ಲಿ ಸಿಕ್ಕ ಹಳದಿ ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳಿವೆ ಎಂದು ಬರೆದಿದೆ. ಒಳಗಿರುವುದು ಐದಾರು, ಅವೇ ವೇಷ ಬದಲಿಸಿ ಬರುತ್ತವೆ. ಸುಳ್ಳುಗಾರ ನೆಂಟನಂತೆ ಅದೂ ಬೇಕು. ಹೊಸ ಕಾಲದವುಗಳಲ್ಲಿ, ಹಿಮದ ಬೆಟ್ಟ ಹತ್ತುವ ಹುಡುಗಿಯದೊಂದು ಆಟವಿದೆ. ಅವಳ ಚಿಂತೆಯೇ ಅವಳ ರೂಪ ತಳೆದು ಬೆನ್ನಟ್ಟಿ ಬರುತ್ತದೆ. ಮೊದಲ ಸಲ ಆಡಿದಾಗ, ನಮ್ಮ ಮನೆಯ ವಿಷಯ ಇವರಿಗೆ ಯಾರು ಹೇಳಿದರು ಎಂದು ಅನುಮಾನ ಬಂದಿತ್ತು.

ಹೋದ ದಸರೆಯಲ್ಲಿ ಈ ಸಂಸಾರಕ್ಕೆ ಜಲಪ್ರಳಯ ಒದಗಿತು. ನನ್ನ ಅತ್ತೆ ಹೂಲಿಯವರು. ನವರಾತ್ರಿಯ ಘಟ ಕೂರಿಸುವ ಮುನ್ನ ಮನೆಯ ಕೌದಿ, ಪಾತ್ರೆ, ಡಬ್ಬಿ ಎಲ್ಲವೂ ನೀರು ಕಾಣಬೇಕೆಂಬುದು ಅವರ ಕಟ್ಟಪ್ಪಣೆ. ನಾನು ಸಂಪಗಾಂವದಿಂದ ಮರಳಿ ಬಂದಾಗ, ಮಾಳಿಗೆಯ ಮೇಲೆ ತೋಯ್ದ ಕೌದಿಗಳ ಪಕ್ಕದಲ್ಲಿ ನನ್ನ ಕ್ಯಾಸೆಟ್ಟುಗಳು ಸಾಲಾಗಿ ಮಲಗಿ ನೀರು ಸೋರಿಸುತ್ತಿದ್ದವು.

"ಅತ್ತಿ, ಇವನ್ಯಾಕ ತೊಳದ್ರಿ?"

"ಯಾಕ ಅಂದ್ರ? ಹಚ್ಚುವಾಗೊಮ್ಮೆ ಬಾಯಿಗೆ ಹಿಡದು ಉಫ್ ಉಫ್ ಅಂತ ಊದ್ತಿ. ಎಲ್ಲಾ ಎಂಜಲ. ಎಂಜಲ ಸಾಮಾನ ಇಟಗೊಂಡು ಘಟ ಕುಂದ್ರಸಲೇನ? ಸೋಪಿನ ಪುಡಿ ಹಾಕಿ ನೆನಸೀನಿ, ನೀರ ಕರ್ರಗಾಗಿತ್ತ ನೋಡವಾ."

ಹಳೆಯ ಕ್ಯಾಸೆಟ್ಟು ಒಮ್ಮೆಗೇ ಹತ್ತುವುದಿಲ್ಲ. ಬಾಯಿಯಿಂದ ಊದಿ ಹಾಕುವುದು ಲೋಕರೂಢಿ. ಅದು ಎಂಜಲಾಗುತ್ತದೆಂದು ಜಗತ್ತಿನ ಯಾವ ಪಂಡಿತನಿಗೂ ಹೊಳೆದಿರಲಿಲ್ಲ. ಹೊಸ ಆಟಗಳ ಪುಟ್ಟ ಕಾರ್ಡುಗಳನ್ನು ಫೋನಿನ ಸಿಮ್ ಎಂದು ತಿಳಿದು ಅತ್ತೆ ಮುಟ್ಟಿರಲಿಲ್ಲ, ಅಷ್ಟು ಪುಣ್ಯ.

ಹಬ್ಬಕ್ಕೆ ಬಂದಿದ್ದ ನಾದಿನಿ ಶಾಂತಾ, ಕಿತ್ತೂರಿಗೆ ಕೊಟ್ಟವಳು, ಇದನ್ನೇ ಕಾದಿದ್ದವಳಂತೆ ಮೆಟ್ಟಿಲು ಹತ್ತಿ ಬಂದಳು.

"ಹೆಂಗೂ ನೀರ ಕುಡದಾವು ವೈನಿ. ಇನ್ನರ ಆ ಕಪಾಟ ಖಾಲಿ ಮಾಡ್ರಿ. ಬನ್ನಿ ಕೊಡಾಕ ಊರ ಮಂದಿ ಬರ್ತೈತಿ. ಇಷ್ಟ ವಯಸ್ಸಿನ ಹೆಣ್ಣಮಗಳು ಟಿವಿ ಮುಂದ ಜಿಗೀತಾಳ ಅಂತ ಹೇಳೂಣೇನ?"

"ಒಣಗಲಿ, ಹಚ್ಚಿ ನೋಡೂಣು," ಎಂದೆ.

"ನಡೀಲಿಲ್ಲಂದ್ರ?"

"ನಡೀಲಿಲ್ಲಂದ್ರ ಕಪಾಟ ನಿಂದು."

ಬಾಯಿಂದ ಮಾತು ಜಾರಿತು. ಮಾತಿಗೆ ವಿಮೆ ಮಾಡಿಸುವ ಕಂಪನಿ ಇನ್ನೂ ಹುಟ್ಟಿಲ್ಲ.

ಮುಂದೆ ನನ್ನ ಕೆಲಸ ಮುಗಿಲು ನೋಡುವುದು. ಮೋಡ ಕವಿದರೆ ಮಾಳಿಗೆಗೆ ಓಡುವುದು, ಬಿಸಿಲು ಬಿದ್ದರೆ ಕ್ಯಾಸೆಟ್ಟುಗಳನ್ನು ಮಗ್ಗುಲು ಬದಲಿಸುವುದು. ಆಚೆ ಮಾಳಿಗೆಯ ಈರಕ್ಕ ಕೇಳಿದಳು: "ಏನ ಸಂಡಿಗಿ ಹಾಕೀರೆಕ್ಕಾ, ಕರ್ರಗ, ಚೌಕಾಗಿ?" ಕರಿದು ಕೊಡುತ್ತೇನೆ ಎಂದೆ. ತಮಾಷೆಯೇನೋ ಮಾಡಿದೆ, ಆದರೆ ಒಳಗೊಳಗೇ ಕುದಿಯುತ್ತಿತ್ತು. ನಷ್ಟಕ್ಕಿಂತ ಹೆಚ್ಚಾಗಿ ಕಾಡಿದ್ದು, ಹಾಳಾದರೆ ಎಲ್ಲರಿಗೂ ಹಗುರಾಗುತ್ತದೆ ಎಂಬ ಸಂಗತಿ. ನನ್ನ ಕಪಾಟನ್ನು ಒಬ್ಬರೂ ಬೈದಿರಲಿಲ್ಲ. ಯಾವಾಗ ಮುಗಿಯುತ್ತದೋ ಎಂದು ತಾಳ್ಮೆಯಿಂದ ಕಾದಿದ್ದರು. ನನಗೆ ಸಿಟ್ಟು ಬಂದದ್ದು ಆ ತಾಳ್ಮೆಯ ಮೇಲೆ.

ಖಂಡೆಪೂಜೆಯ ದಿನ, ಅಂದರೆ ಆಯುಧಪೂಜೆಯ ಮುಂಜಾನೆ, ಪರೀಕ್ಷೆ. ಯಜಮಾನರು ಪೇಪರಿನ ಹಿಂದೆ, ಶಾಂತಾ ಕಪಾಟಿನ ಮುಂದೆ, ಅತ್ತೆ ನನ್ನ ಬಾಯಿಯ ಮೇಲೆಯೇ ಕಣ್ಣಿಟ್ಟು ಕೂತರು. ಊದುವಂತಿಲ್ಲ, ಸೆರಗಿನಿಂದ ಒರೆಸಿ ಹಾಕಿದೆ. ರಾಮದುರ್ಗದ ಸುಳ್ಳುಗಾರ ಮೊದಲ ಏಟಿಗೇ ಹಾಡುತ್ತ ಎದ್ದ. ಮುಳ್ಳುಹಂದಿ ಓಡಿತು. ಒಂದೊಂದಾಗಿ ಹೆಚ್ಚಿನವು ಬದುಕಿದವು. ಕೊನೆಗೆ ಮೀಸೆಯವನನ್ನು ಹಾಕಿದೆ. ಬರೀ ಬೂದಿ ಬಣ್ಣದ ಪರದೆ. ತೆಗೆದೆ, ಒರೆಸಿದೆ, ಹಾಕಿದೆ. ಬೂದಿಯೇ. ನಾನು ಮೊತ್ತಮೊದಲು ಕೊಂಡ ಆಟ ಅದು.

"ಇದೊಂದು ಗುಜರಿಗೆ," ಎಂದಳು ಶಾಂತಾ, ಸೋತವಳು ಕೇಳುವ ರಿಯಾಯಿತಿಯಂತೆ.

ಕ್ಯಾಸೆಟ್ಟನ್ನು ತೆಗೆದುಕೊಂಡು ಹೋಗಿ ಕಪಾಟಿನ ಮೇಲಿನ ಸಾಲಿನಲ್ಲಿ, ನಟ್ಟನಡುವೆ ಇಟ್ಟೆ.

"ಅದು ನಡಿಯೂದಿಲ್ಲಲ್ಲ ವೈನಿ?"

"ಗ್ವಾಡಿ ಮ್ಯಾಲಿನ ನಿಮ್ಮಣ್ಣನ ಮದಿವಿ ಗಡಿಯಾರನೂ ನಡಿಯೂದಿಲ್ಲ. ಅದನ್ನ ಮೊದಲ ಇಳಸು."

ಪೇಪರು ತುಸು ಅಲುಗಿತು. ಅತ್ತೆ ಎದ್ದು ಬಂದು, ಅವರ ಲೆಕ್ಕದಲ್ಲಿ ಈಗ ಮಡಿಯಾಗಿದ್ದ ಆ ಸಾಲಿಗೆಲ್ಲ ಒಂದೊಂದು ಕುಂಕುಮದ ಬೊಟ್ಟು ಇಟ್ಟರು. ಪೂಜೆಯ ದಿನ ಕೈಗೆ ಸಿಕ್ಕ ಯಂತ್ರಕ್ಕೆಲ್ಲ ಇಡುತ್ತಾರೆ. ನಾನು ಅದಕ್ಕೆ ಹೆಚ್ಚಿನ ಅರ್ಥ ಹಚ್ಚಲಿಲ್ಲ.

ಮರುದಿನ ಸಂಜೆ ಬನ್ನಿ ಕೊಡಲು ಜನ ಬಂದರು. ಶಾಂತಾ ಕಪಾಟಿಗೆ ಪರದೆ ಬಿಡಲು ಹೋದಳು. ನಾನು ಒಳಗಿನ ದೀಪ ಹಾಕಿದೆ. ಓಣಿಯ ಹಿರಿಯರಾದ ಬಸಪ್ಪಜ್ಜ ಗಾಜಿಗೆ ಮುಖ ಹಚ್ಚಿ ನೋಡಿದರು.

"ಏನವ್ವ ಇವು?"

"ಜಿಗಿಯೂ ಆಟರೀ ಅಜ್ಜಾರ."

"ಯಾರ ಆಡತಾರ?"

ಶಾಂತಾ ಯಾರದೋ ಮಕ್ಕಳ ಹೆಸರು ಹುಡುಕುತ್ತಿದ್ದಳು. "ನಾನ ಆಡತೇನ್ರಿ," ಎಂದೆ.

"ಹೌದ? ಛಲೋ ಆತು," ಎಂದ ಅಜ್ಜ ನನ್ನ ಕೈಯಲ್ಲಿ ಬನ್ನಿ ಎಲೆ ಇಟ್ಟು, "ಬಂಗಾರದಂಗಿರೂಣು," ಎಂದು ಮುಂದಿನ ಮನೆಗೆ ನಡೆದರು.

ಇಷ್ಟು ವರ್ಷ ನಾನು ಉತ್ತರ ಕಟ್ಟಿಕೊಂಡು, ವಾದ ಹೂಡಿಕೊಂಡು, ನಿದ್ದೆಗೆಟ್ಟು ಕಾದಿದ್ದ ಊರಿನ ವಿಚಾರಣೆ ಇಷ್ಟೇ ಇತ್ತು. ಒಂದು ಕ್ಷಣ ನಿರಾಸೆಯೇ ಆಯಿತೆನ್ನಬೇಕು. ನನ್ನ ಅರ್ಧಕ್ಕರ್ಧ ವಾದ ಹಾಗೇ ಉಳಿದುಹೋಗಿತ್ತು. ಅದನ್ನೇ ಇಲ್ಲಿ ನಿಮ್ಮ ಮುಂದೆ ಇಟ್ಟಿದ್ದೇನೆ.